ಅಭಿಮಾನಿ ಸಿನಿಮಾಕ್ಕೆ ದುಡ್ಡು ಕಳಿಸುವ ಮೊದಲು ಈ ಲೆಕ್ಕ ನೋಡಿ

ಸ್ವಲ್ಪ ದಿನದಿಂದ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಹಳೇ ಪತ್ತೇದಾರಿ ಕಾದಂಬರಿಯ ನಾಯಕ, ತಲೆಗೆ ಹ್ಯಾಟು, ಹಿಂದೆ ಮಂಜು ಮುಸುಕಿದ ಕೆ.ಆರ್. ಮಾರ್ಕೆಟ್, ಕೆಳಗೆ ಸಿನಿಮಾಕ್ಕೆ ದುಡ್ಡು ಕಳಿಸಲು ಕ್ಯೂಆರ್ ಕೋಡ್. ‘ಅಭಿಮಾನಿಗಳಿಂದ, ಅಭಿಮಾನಿಗಳಿಗಾಗಿ, ಭಾಗ ಎರಡು’ ಎಂದು ಬರೆದಿದೆ. ಭಾಗ ಒಂದು ಏನಾಯಿತು ಅಂತ ಅದರಲ್ಲಿ ಒಂದಕ್ಷರವೂ ಇಲ್ಲ. ಆ ಭಾಗ ಒಂದಕ್ಕೆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ. ಮಲ್ಲೇಶ್ವರದ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುವವನಾದ್ದರಿಂದ ಆ ಸಿನಿಮಾ ತಂಡದ ಲೆಕ್ಕವನ್ನು ತುಸು ಹತ್ತಿರದಿಂದ ನೋಡಿದವನೂ ಹೌದು. ನಡೆದದ್ದನ್ನು ಬರೆಯುತ್ತೇನೆ. ವ್ಯಕ್ತಿಯ ಹೆಸರು, ತಂಡದ ಹೆಸರು, ಕಾದಂಬರಿಯ ಹೆಸರು ಯಾವುದನ್ನೂ ಹಾಕುವುದಿಲ್ಲ. ದೂರು ತಯಾರಾಗುತ್ತಿದೆ, ಹೆಸರು ಬೇಡ ಅಂದಿದ್ದಾರೆ ವಕೀಲರು. ಪೋಸ್ಟರ್ ಕೈಗೆ ಬಂದವರಿಗೆ ಯಾರ ವಿಷಯ ಅಂತ ಹೇಗೂ ಗೊತ್ತಾಗುತ್ತದೆ.

2023ರ ಕೊನೆಯಲ್ಲಿ ಬಸವನಗುಡಿಯಲ್ಲಿ ನಿರ್ದೇಶಕರು ಮತ್ತು ಅವರ ತಂಡದವರು ಒಂದು ಸಭೆ ಕರೆದಿದ್ದರು. ಸಿನಿಮಾ ಮಂದಿ ಕಡಿಮೆ, ಓದುಗರೇ ಜಾಸ್ತಿ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೊಂದು ಕಾದಂಬರಿ ತಂದು, ಕ್ಲಾಸಿನಲ್ಲಿ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದ ತಲೆಮಾರು ಅದು. ರಿಟೈರಾದ ಮೇಷ್ಟ್ರು, ಬ್ಯಾಂಕಿನವರು, ಬಿಎಂಟಿಸಿಯಲ್ಲಿದ್ದವರು. ಆ ನಾಯಕನನ್ನು ತೆರೆಯ ಮೇಲೆ ನೋಡಬೇಕೆಂಬ ಆಸೆ ಎಲ್ಲರಿಗೂ ಇತ್ತು. ‘2013ರಲ್ಲಿ ಲೂಸಿಯಾ ಸಿನಿಮಾ ಜನರ ದುಡ್ಡಿನಲ್ಲೇ ಆಗಲಿಲ್ಲವಾ?’ ಎಂದು ತಂಡದವರು ಕೇಳಿದಾಗ ಚಪ್ಪಾಳೆ ಬಿತ್ತು. ಆದರೆ ಅಲ್ಲಿ ಹಣ ಹಾಕಿದವರು ಹೂಡಿಕೆ ಅಂತ ಹಾಕಿದ್ದರು, ಗಳಿಕೆಯಲ್ಲಿ ಪಾಲಿನ ಮಾತಿತ್ತು. ಇಲ್ಲಿ ‘ಇದು ಫ್ಯಾನ್ ಫಿಲಂ, ಲಾಭವೇ ಇಲ್ಲ, ಆದ್ದರಿಂದ ಪಾಲೂ ಇಲ್ಲ’ ಅಂದರು. ಲಾಭವೇ ಇಲ್ಲ ಅಂದಮೇಲೆ ಮೋಸಕ್ಕೆ ಜಾಗ ಎಲ್ಲಿ ಅಂತ ಕೂತವರಿಗೆಲ್ಲ ಅನ್ನಿಸುವುದು ಸಹಜ. ಇಡೀ ವ್ಯವಹಾರ ನಿಂತದ್ದು ಆ ಒಂದು ಅನಿಸಿಕೆಯ ಮೇಲೆ.

ಐನೂರರಿಂದ ಹಿಡಿದು ಇಪ್ಪತ್ತೈದು ಸಾವಿರದವರೆಗೆ ಬಂತು. ಹತ್ತು ಸಾವಿರ ಕೊಟ್ಟವರಿಗೆ ಚಹಾ ಅಂಗಡಿಯ ದೃಶ್ಯದಲ್ಲಿ ಕೂರುವ ಅವಕಾಶ, ಎಲ್ಲರಿಗೂ ಟೈಟಲ್ ಕಾರ್ಡಿನಲ್ಲಿ ಹೆಸರು, ಒಂದು ಟೀ ಶರ್ಟು. ಟೀ ಶರ್ಟು ಬಂತು, ಅದೊಂದನ್ನು ಒಪ್ಪಿಕೊಳ್ಳಲೇಬೇಕು. ಎರಡು ದಿನ ಶೂಟಿಂಗೂ ನಡೆಯಿತು. ಒಂದು ನಿಮಿಷ ನಲವತ್ತು ಸೆಕೆಂಡಿನ ಟೀಸರ್ ಬಿಟ್ಟರು. ಆಮೇಲೆ ‘ಪೋಸ್ಟ್ ಪ್ರೊಡಕ್ಷನ್ ನಡೀತಿದೆ’ ಅನ್ನುವ ಒಂದೇ ಸಾಲು, ತಿಂಗಳುಗಟ್ಟಲೆ. ಎರಡು ದಿನದ ಶೂಟಿಂಗಿಗೆ ಅದೆಷ್ಟು ಪೋಸ್ಟ್ ಪ್ರೊಡಕ್ಷನ್ನೋ!

ಲೆಕ್ಕ ಕೇಳಿದ ಹಿರಿಯರೊಬ್ಬರಿಗೆ ಸಿಕ್ಕ ಉತ್ತರ: ‘ಸಾರ್, ನೀವೆಲ್ಲ ನಮ್ಮ ಕುಟುಂಬ ಸಾರ್. ಮನೆಯೊಳಗೆ ಯಾರಾದ್ರೂ ವೋಚರ್ ಕೇಳ್ತಾರಾ?’ ಒತ್ತಾಯ ಹೆಚ್ಚಾದ ಮೇಲೆ ಗ್ರೂಪಿನಲ್ಲಿ ಒಂದು ಹಾಳೆ ಹಾಕಿದರು. ಒಟ್ಟು ಬಂದದ್ದು 16,40,000 ರೂಪಾಯಿ. ಸ್ಟುಡಿಯೋ ಅಡ್ವಾನ್ಸ್ ಮತ್ತು ಬಾಡಿಗೆ 6,30,000. ಕ್ಯಾಮೆರಾ, ಲೆನ್ಸ್, ಲೈಟು 5,20,000. ಸೆಟ್ 1,60,000. ಪ್ರಚಾರ 1,10,000. ಕಲಾವಿದರು, ತಂತ್ರಜ್ಞರು ಎಲ್ಲ ಸೇರಿ 70,000. ಇತರೆ 1,50,000. ಕೂಡಿದರೆ ಸರಿಯಾಗಿ ಹದಿನಾರು ಲಕ್ಷ ನಲವತ್ತು ಸಾವಿರ. ಒಂದು ರೂಪಾಯಿ ಉಳಿದಿಲ್ಲ, ಒಂದು ರೂಪಾಯಿ ಸಾಲ ಆಗಿಲ್ಲ. ಬಂದ ದುಡ್ಡಿಗೂ ಆದ ಖರ್ಚಿಗೂ ಇಷ್ಟು ಚೆನ್ನಾಗಿ ತಾಳೆಯಾಗುವ ಲೆಕ್ಕವನ್ನು ನಮ್ಮ ಆಫೀಸಿನಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ.

ಮೊದಲನೇ ಸಾಲನ್ನೇ ತೆಗೆದುಕೊಳ್ಳಿ. ಕಾಮಾಕ್ಷಿಪಾಳ್ಯದ ಕಡೆ ಒಂದು ಗೋಡೌನು, ತಿಂಗಳಿಗೆ 35,000 ಬಾಡಿಗೆ. ಎಂಟು ತಿಂಗಳಿಗೆ 2,80,000. ಉಳಿದ 3,50,000 ಅಡ್ವಾನ್ಸ್, ಬೆಂಗಳೂರಿನ ಹಳೇ ರೂಢಿಯಂತೆ ಹತ್ತು ತಿಂಗಳದ್ದು. ಈ ಊರಿನಲ್ಲಿ ಬಾಡಿಗೆಗಿದ್ದ ಯಾರಿಗಾದರೂ ಗೊತ್ತು, ಅಡ್ವಾನ್ಸ್ ಖರ್ಚಲ್ಲ. ಬಿಡುವಾಗ ಸುಣ್ಣಬಣ್ಣಕ್ಕೆ ಅಂತ ಸ್ವಲ್ಪ ಹಿಡಿದುಕೊಂಡು ಮಿಕ್ಕಿದ್ದನ್ನು ಮಾಲೀಕರು ವಾಪಸ್ ಕೊಡುತ್ತಾರೆ. ಯಾರಿಗೆ ಕೊಡುತ್ತಾರೆ? ಕರಾರುಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೆ. ಹನ್ನೊಂದು ತಿಂಗಳ ಆ ಕರಾರಿನಲ್ಲಿ ತಂಡದ ಹೆಸರಿಲ್ಲ, ನಿರ್ದೇಶಕರ ಸ್ವಂತ ಹೆಸರಿದೆ. ಅಂದರೆ ನಾನು, ನೀವು, ದಾವಣಗೆರೆಯಿಂದ ಐನೂರು ಕಳಿಸಿದ ಮೇಷ್ಟ್ರು ಎಲ್ಲ ಸೇರಿ ಒಬ್ಬರಿಗೆ ಮೂರೂವರೆ ಲಕ್ಷದ ಠೇವಣಿ ಇಟ್ಟುಕೊಟ್ಟಂತಾಯಿತು. ಕ್ಯಾಮೆರಾದ ಬಿಲ್ಲೂ ಅದೇ ಹೆಸರಿನಲ್ಲಿತ್ತು. ಎರಡು ದಿನದ ಶೂಟಿಂಗಿಗೆ ಕ್ಯಾಮೆರಾ ಬಾಡಿಗೆಗೆ ತರುವುದನ್ನು ಬಿಟ್ಟು ಕೊಂಡದ್ದು ಯಾಕೆ ಅಂದರೆ, ‘ಮುಂದೆ ಎಲ್ಲ ಅಭಿಮಾನಿ ಸಿನಿಮಾಗಳಿಗೂ ಆಗುತ್ತೆ’ ಅಂದರು.

ಲೈಟುಗಳ ಬಿಲ್ಲು ಇನ್ನೂ ಸ್ವಾರಸ್ಯ. ಎಸ್.ಪಿ. ರಸ್ತೆಯ ವಿಳಾಸ, ಕೆಳಗೆ ಜಿಎಸ್‌ಟಿ ನಂಬರು. ಜಿಎಸ್‌ಟಿ ನಂಬರಿನಲ್ಲಿ ಹದಿನೈದು ಅಕ್ಷರ-ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕದ್ದು 29. ಈ ಬಿಲ್ಲಿನ ನಂಬರು ಶುರುವಾಗುವುದು 33ರಿಂದ, ಅದು ತಮಿಳುನಾಡು. ಒಂದೊಂದು ರಾಜ್ಯಕ್ಕೆ ಬೇರೆಬೇರೆ ನೋಂದಣಿ ಬೇಕು, ಆದ್ದರಿಂದ ಬೆಂಗಳೂರಿನ ಅಂಗಡಿ ತನ್ನ ಗಲ್ಲಾಪೆಟ್ಟಿಗೆಯಿಂದ 33ರ ಬಿಲ್ಲು ಕೊಡಲು ಬರುವುದಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ನಂಬರು ಹಾಕಿ ನೋಡಿದೆ, ಲಾಗಿನ್ ಏನೂ ಬೇಡ, ಯಾರು ಬೇಕಾದರೂ ನೋಡಬಹುದು. ಬಟ್ಟೆ ವ್ಯಾಪಾರದ ಒಂದು ಹೆಸರು ಬಂತು, ನೋಂದಣಿ ರದ್ದಾಗಿದೆ ಎಂದೂ ಇತ್ತು.

ನಾವು ಕೊಟ್ಟ ದುಡ್ಡಿನ ರಸೀದಿಯದ್ದೂ ಹೀಗೇ. ‘ನಮ್ಮದು ಟ್ರಸ್ಟು, 80ಜಿ ಸಿಗುತ್ತೆ’ ಅಂದಿದ್ದರು, ಅಂದರೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಪ್ಯಾನ್ ನಂಬರಿನ ನಾಲ್ಕನೇ ಅಕ್ಷರ ಅದು ಯಾರದ್ದು ಅಂತ ಹೇಳುತ್ತದೆ: ವ್ಯಕ್ತಿಯದ್ದಾದರೆ ‘ಪಿ’, ಟ್ರಸ್ಟಿನದ್ದಾದರೆ ‘ಟಿ’, ಕಂಪನಿಯದ್ದಾದರೆ ‘ಸಿ’. ರಸೀದಿಯ ಮೇಲಿದ್ದದ್ದು ‘ಪಿ’. ನಿಜವಾದ 80ಜಿ ಸಂಸ್ಥೆಯಾದರೆ ಬರೀ ರಸೀದಿ ಕೊಟ್ಟು ಕೈ ತೊಳೆದುಕೊಳ್ಳಲಾಗದು. ಆಗಿನ ನಿಯಮದಂತೆ ಆದಾಯ ತೆರಿಗೆ ಪೋರ್ಟಲಿನಿಂದ ಬರುವ ಫಾರಂ 10ಬಿಇ ಪ್ರಮಾಣಪತ್ರವನ್ನೂ ಕೊಡಬೇಕಿತ್ತು. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ಆ ವಿನಾಯಿತಿಯೇ ಇಲ್ಲ. ಇಷ್ಟು ಗೊತ್ತಿದ್ದವರು ‘80ಜಿ ಇದೆ’ ಅಂದ ಕೂಡಲೇ 10ಬಿಇ ಕೇಳಿಬಿಡುತ್ತಿದ್ದರು. ಈ ಗುಂಪಿನಲ್ಲಿದ್ದವರ ಪೈಕಿ ಹೆಚ್ಚಿನವರು ಪಿಂಚಣಿದಾರರು, ಹುಡುಗರು ಹೇಳಿದ್ದನ್ನು ನಂಬಿಕೊಂಡವರು.

ಸೆಟ್ಟಿನ ಕಥೆಗೆ ಬರುತ್ತೇನೆ. ಪತ್ತೇದಾರನ ಕಚೇರಿಗೆ ಅಂತ ಅಲ್ಲೇ ಹತ್ತಿರದ ಬಡಗಿಯೊಬ್ಬರಿಂದ ಒಂದು ದೊಡ್ಡ ಮೇಜು ಮಾಡಿಸಿದ್ದರು. ಪ್ಲೈವುಡ್ಡಿಗೆ ತೇಗದ ಬಣ್ಣ, ಎಡಕ್ಕೆ ಮೂರು ಡ್ರಾಯರು, ಹಿತ್ತಾಳೆ ಹಿಡಿಗಳು. ನಡುವಿನ ಡ್ರಾಯರಿನ ಹಿಡಿಯನ್ನು ಗಡಿಬಿಡಿಯಲ್ಲಿ ತಲೆಕೆಳಗು ಕೂರಿಸಿದ್ದರು, ಶೂಟಿಂಗ್ ದಿನ ಎಲ್ಲರೂ ಅದನ್ನು ನೋಡಿ ನಕ್ಕಿದ್ದೂ ಆಯಿತು. ಮೊನ್ನೆ ಸಂಬಂಧಿಕರೊಬ್ಬರು ತಮ್ಮ ಮಗುವಿನ ಆರು ತಿಂಗಳ ಫೋಟೋಶೂಟಿನ ಚಿತ್ರ ಕಳಿಸಿದರು. ಮಗುವಿಗೆ ಪುಟ್ಟ ಹ್ಯಾಟು, ಪಕ್ಕದಲ್ಲಿ ಕಪ್ಪು ಡಯಲ್ ಫೋನು, ಕೆಳಗೆ ಅದೇ ಮೇಜು, ನಡುವೆ ಅದೇ ತಲೆಕೆಳಗಾದ ಹಿಡಿ! ‘ರೆಟ್ರೋ ಡಿಟೆಕ್ಟಿವ್ ಥೀಮ್, ಒಂದೂವರೆ ಗಂಟೆಗೆ ಆರು ಸಾವಿರ’ ಅಂದರು. ಆ ಗೋಡೌನು ಈಗ ಮಕ್ಕಳ ಫೋಟೋ, ಪ್ರೀ ವೆಡ್ಡಿಂಗ್, ರೀಲ್ಸ್ ಎಲ್ಲಕ್ಕೂ ಬಾಡಿಗೆಗೆ ಸಿಗುತ್ತದೆ. ಲೈಟುಗಳೂ ನಮ್ಮವೇ. ಸಿನಿಮಾ ಲಾಭಕ್ಕಲ್ಲ ಅಂದದ್ದು ನಿಜ. ಸ್ಟುಡಿಯೋ ಬಗ್ಗೆ ಅವರು ಹಾಗೆ ಹೇಳಿರಲಿಲ್ಲ.

ಇನ್ನು ಅನುಮತಿಯ ವಿಷಯ. ಸಿನಿಮಾ ನಿಂತದ್ದಕ್ಕೆ ಅವರು ಕೊಡುವ ಕಾರಣ ಲೇಖಕರ ವಾರಸುದಾರರಿಂದ ಬಂದ ವಕೀಲರ ನೋಟಿಸು. ಆ ನೋಟಿಸು ಬಂದದ್ದು ಹೌದು. ಆದರೆ ಅದು ಬರುವ ಹೊತ್ತಿಗೆ ದುಡ್ಡೆಲ್ಲ ಮುಗಿದಿತ್ತು ಅಂತ ಅವರದ್ದೇ ಹಾಳೆ ಹೇಳುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಇರುತ್ತದೆ. ಕಾದಂಬರಿಯನ್ನು ಸಿನಿಮಾ ಮಾಡುವ ಹಕ್ಕೂ ಅದರಲ್ಲೇ ಬರುತ್ತದೆ. ಹವ್ಯಾಸಿ ತಂಡವೊಂದು ಟಿಕೆಟ್ ಇಡದೆ ನಾಟಕ ಆಡುವುದಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ, ಅದನ್ನೇ ಹಿಡಿದುಕೊಂಡು ‘ಫ್ಯಾನ್ ಫಿಲಮ್ಮಿಗೆ ಅನುಮತಿ ಬೇಡ’ ಅಂತ ಭಾಷಣ ಮಾಡಿದ್ದರು. ಸಿನಿಮಾ ತೆಗೆದು ಯೂಟ್ಯೂಬಿಗೆ ಹಾಕುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದರಲ್ಲಿ ನನಗೆ ತೀರಾ ಕೆಟ್ಟದೆನಿಸಿದ್ದು ಮುಂದಿನದು. ‘ನಮ್ಮ ಕನಸಿಗೆ ಕಲ್ಲು ಹಾಕಿದರು’ ಅಂತ ಬರೆದು ಆ ಮನೆಯವರ ಮೇಲೆ ಅಭಿಮಾನಿಗಳನ್ನು ಛೂ ಬಿಟ್ಟರು. ಆ ಲೇಖಕರ ಪುಸ್ತಕ ಓದಿ ಬೆಳೆದವರೇ ಅವರ ಮನೆಯವರಿಗೆ ಬಾಯಿಗೆ ಬಂದಂತೆ ಬೈದರು. ಮೊದಲೇ ಮನೆಗೆ ಹೋಗಿ, ಒಂದು ಹಣ್ಣಿನ ತಟ್ಟೆ ಇಟ್ಟು ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ.

ಇದು ನಮ್ಮೂರಿನಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟಿವಿ-ಸಿನಿಮಾ ಸರಣಿಯ ಅಭಿಮಾನಿಗಳ ‘ಆಕ್ಸನಾರ್’ ಎಂಬ ಸಿನಿಮಾಕ್ಕೆ 2014-15ರಲ್ಲಿ ಕಿಕ್‌ಸ್ಟಾರ್ಟರ್, ಇಂಡಿಗೋಗೋ ಎಂಬ, ಜನರಿಂದ ಹಣ ಎತ್ತುವ ವೆಬ್‌ಸೈಟುಗಳ ಮೂಲಕ ಹತ್ತು ಲಕ್ಷ ಡಾಲರಿಗೂ ಹೆಚ್ಚು ಬಂತು. 2015ರ ಡಿಸೆಂಬರ್ ಕೊನೆಗೆ ‘ಸ್ಟಾರ್ ಟ್ರೆಕ್’ನ ಹಕ್ಕು ಇರುವ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕಂಪನಿಗಳು ದಾವೆ ಹೂಡಿದವು. ಜನರ ದುಡ್ಡಿನಲ್ಲಿ ಸ್ಟುಡಿಯೋ ಮಾಡಿಕೊಂಡದ್ದು, ಸಂಬಳ ತೆಗೆದುಕೊಂಡದ್ದು ಅಲ್ಲೂ ಮಾತಿಗೆ ಬಂತು. 2017ರ ಜನವರಿಯಲ್ಲಿ ಕೋರ್ಟು ‘ಫೇರ್ ಯೂಸ್’, ಅಂದರೆ ಇದು ಅನುಮತಿ ಬೇಡದ ನ್ಯಾಯೋಚಿತ ಬಳಕೆ ಅನ್ನುವ ವಾದವನ್ನು ಒಪ್ಪಲಿಲ್ಲ, ಅದೇ ತಿಂಗಳು ರಾಜಿಯಾಗಿ ಪೂರ್ತಿ ಸಿನಿಮಾದ ಬದಲು ಹದಿನೈದು ನಿಮಿಷದ ಎರಡು ತುಣುಕಿಗೆ ನಿಂತಿತು. ಮಧ್ಯೆ 2016ರ ಜೂನಿನಲ್ಲಿ ಹಕ್ಕುದಾರ ಕಂಪನಿಗಳೇ ಅಭಿಮಾನಿ ಸಿನಿಮಾಗಳಿಗೆ ನಿಯಮ ಪ್ರಕಟಿಸಿದ್ದವು: ಜನರಿಂದ ಎತ್ತುವ ಹಣ 50,000 ಡಾಲರ್ ದಾಟಬಾರದು, ಕೆಲಸ ಮಾಡುವವರೆಲ್ಲ ಸಂಬಳವಿಲ್ಲದ ಹವ್ಯಾಸಿಗಳಾಗಿರಬೇಕು. ನಮ್ಮಲ್ಲಿ ಅಂಥ ನಿಯಮ ಬರೆದಿಡುವ ದೊಡ್ಡ ಕಂಪನಿ ಇಲ್ಲ, ಹಕ್ಕು ಇರುವುದು ಯಾವುದೋ ಬಡಾವಣೆಯ ಹಳೇ ಮನೆಯೊಂದರಲ್ಲಿ. ಆದ್ದರಿಂದ ಆ ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳುವ ಕೆಲಸ ದುಡ್ಡು ಕೊಡುವವರ ಮೇಲೇ ಬೀಳುತ್ತದೆ.

ಹೊಸ ಪೋಸ್ಟರ್ ನೋಡಿ ಮನಸ್ಸು ಮಾಡಿರುವವರು ಆ ಒಪ್ಪಿಗೆ ಪತ್ರದ ಜೊತೆ ಇನ್ನೊಂದನ್ನು ಕೇಳಿ. ಸಿನಿಮಾ ಮುಗಿದ ಮೇಲೆ ಉಳಿಯುವ ಸಾಮಾನು, ಅಡ್ವಾನ್ಸು, ಕ್ಯಾಮೆರಾ ಯಾರ ಹೆಸರಿನಲ್ಲಿರುತ್ತವೆ ಅಂತ ಬರವಣಿಗೆಯಲ್ಲಿ ಕೊಡಲಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಹಾಕುವ ಮುಂಚೆ ಖಾತೆಯ ಹೆಸರು ಕಾಣುತ್ತದೆ. ಅಲ್ಲಿ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಟೀಸರ್ ಚೆನ್ನಾಗಿದೆ ಅನ್ನುವುದು ಲೆಕ್ಕಕ್ಕೆ ಸಾಕ್ಷಿಯಲ್ಲ. ಇವರ ಟೀಸರೂ ಚೆನ್ನಾಗಿಯೇ ಇತ್ತು, ಮಳೆಯ ದೃಶ್ಯವಂತೂ ಇವತ್ತಿಗೂ ಇಷ್ಟ. ಈಗಾಗಲೇ ಭಾಗ ಎರಡಕ್ಕೆ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ.

ಭಾಗ ಒಂದಕ್ಕೆ ಕೊಟ್ಟವರಿಗೆ: ಠಾಣೆಗೆ ಹೋದಾಗ ‘ನೀವೇ ಇಷ್ಟಪಟ್ಟು ಕೊಟ್ಟದ್ದಲ್ವಾ, ಸಿವಿಲ್ ಮ್ಯಾಟರು’ ಅಂದರು. ಬರೀ ದೇಣಿಗೆ ಅಂತ ಕೊಟ್ಟದ್ದಾದರೆ ಆ ಮಾತಿಗೆ ಸ್ವಲ್ಪ ಬಲವಿದೆ. ಇಂಥ ಸಿನಿಮಾಕ್ಕೆ ಅಂತಲೇ ಒಪ್ಪಿಸಿದ ಹಣವನ್ನು ಸ್ವಂತಕ್ಕೆ ಬಳಸಿದ್ದರೆ ಅದು ನಂಬಿಕೆ ದ್ರೋಹದ ಅಪರಾಧವಾಗುತ್ತದೆ ಅನ್ನುವುದು ನಮ್ಮ ವಕೀಲರ ನಿಲುವು. ನಮ್ಮಲ್ಲಿ ಹೆಚ್ಚಿನವರು ಹಣ ಕಳಿಸಿದ್ದು ಹೊಸ ಕಾನೂನು ಜಾರಿಯಾದ 2024ರ ಜುಲೈ 1ಕ್ಕಿಂತ ಮೊದಲು, ಆದ್ದರಿಂದ ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) 406, 420ನೇ ಕಲಮುಗಳು, ಅಂದರೆ ನಂಬಿಕೆ ದ್ರೋಹ ಮತ್ತು ವಂಚನೆ. ಅದರ ಆಚೆಗೆ ಕಳಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 316, 318. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಆಮೇಲೆ ಅಫಿಡವಿಟ್ಟಿನೊಂದಿಗೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ. ನಾವು ಈಗ ಆ ದಾರಿಯಲ್ಲಿದ್ದೇವೆ. ಗ್ರೂಪಿನಲ್ಲಿ ಹಾಕಿದ್ದ ಲೆಕ್ಕದ ಹಾಳೆಯನ್ನು ಅವರು ಅಳಿಸಿದ್ದಾರೆ, ಫೋನಿನಲ್ಲಿ ಉಳಿಸಿಕೊಂಡವರು ಫೋನ್ ಬದಲಿಸುವ ಮುನ್ನ ತೆಗೆದಿಡಿ. ಯುಪಿಐ ಸ್ಕ್ರೀನ್‌ಶಾಟ್ ಒಂದೇ ಸಾಲದು, ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮೊಹರು ಹಾಕಿಸಿಕೊಳ್ಳಿ. ಮೇಜು ಮಾಡಿದ ಬಡಗಿಗೆ ಇನ್ನೂ ಹದಿನೆಂಟು ಸಾವಿರ ಬರಬೇಕು, ಅವರೂ ನಮ್ಮ ಜೊತೆ ಹೇಳಿಕೆ ಕೊಡಲು ಒಪ್ಪಿದ್ದಾರೆ. ಹಣ ವಸೂಲಿಯ ಸಿವಿಲ್ ದಾವೆಗೆ ಮೂರು ವರ್ಷದ ಮಿತಿ. ಮೋಸ ಗೊತ್ತಾದ ದಿನದಿಂದ ಎಣಿಸಬೇಕೆಂದು ವಾದಿಸಬಹುದು, ಆದರೆ ಆ ವಾದವನ್ನು ನೆಚ್ಚಿಕೊಂಡು ಕೂರಬೇಡಿ. ನೀವು ಹಣ ಕಳಿಸಿದ ತಾರೀಖು ನೋಡಿಕೊಂಡು ಮೂರು ವರ್ಷ ತುಂಬುವುದರೊಳಗೆ ವಕೀಲರನ್ನು ಕಾಣಿ.