ಶನಿವಾರ ಸಂಜೆಯ ಬೈಬಲ್ ತರಗತಿಗೆ ಹೋಗಬಹುದಾ?

ಖಂಡಿತ ಹೋಗಿ. ನಮ್ಮ ಸಭೆಯಲ್ಲಿ ನಡೆಯುವ ಈ ತರಗತಿಯ ವಿಷಯ, ದೇವರಿಗೆ ವಿಧೇಯರಾಗುವುದು. ಇಡೀ ಅಧ್ಯಾಯವನ್ನೇ ಜೋರಾಗಿ ಓದಿಸುತ್ತಾರೆ, ಅದೇ ನನಗೆ ಇಷ್ಟವಾಯಿತು.

ಬೈಬಲ್‌ನ 1 ಸಮುವೇಲ ಪುಸ್ತಕದ 15ನೇ ಅಧ್ಯಾಯ ತುಂಬಾ ನಾಟಿತು. ಶತ್ರುಗಳಾದ ಅಮಾಲೇಕ್ಯರದ್ದೆಲ್ಲವನ್ನೂ ನಾಶಮಾಡು ಎಂದು ದೇವರು ಹೇಳಿದ್ದರೂ ಇಸ್ರಾಯೇಲಿನ ಅರಸ ಸೌಲ ಒಳ್ಳೊಳ್ಳೆಯ ಕುರಿ, ದನಗಳನ್ನು ಉಳಿಸಿಕೊಂಡ. ಕೇಳಿದರೆ, ಯಜ್ಞಕ್ಕೆ ಅಂದ. ಯಜ್ಞಕ್ಕಿಂತ ಮಾತು ಕೇಳುವುದೇ ಮೇಲು ಅಂತ ಪ್ರವಾದಿ ಸಮುವೇಲ ಹೇಳಿದ. ಕಾಣಿಕೆ ಹಾಕಿ ಕೈತೊಳೆದುಕೊಳ್ಳುವ ನಮಗೆಲ್ಲ ಇದು ಬೇಕಿತ್ತು, ಅಲ್ವಾ?

ಲೂಕ 5ರ ಪಾಠ ಇನ್ನೂ ಚೆನ್ನಾಗಿತ್ತು. ಮೀನುಗಾರ ಪೇತ್ರ ಮತ್ತು ಜೊತೆಗಾರರು ರಾತ್ರಿಯಿಡೀ ದುಡಿದು ಏನೂ ಸಿಗದೆ ಬಲೆ ತೊಳೆಯುತ್ತಿದ್ದರು. ಆಗ ಯೇಸು ಪೇತ್ರನಿಗೆ ಮತ್ತೆ ಬಲೆ ಹಾಕಲು ಹೇಳಿದರು. ನಮ್ಮದು ಮೀನುಗಾರರ ಮನೆ. ತೊಳೆದ ಬಲೆಯನ್ನು ಮತ್ತೆ ದೋಣಿಗೆ ಹೊರುವುದು ಎಂಥ ಕೆಲಸ ಅಂತ ನನಗೆ ಗೊತ್ತು. ನಿನ್ನ ಮಾತಿನ ಮೇಲೆ ಹಾಕುತ್ತೇನೆ ಅಂತ ಪೇತ್ರ ಅಂದನಲ್ಲ, ಅದು ಸುಮ್ನೆ ಬರುವ ಮಾತಲ್ಲ.

ಕೊಟ್ಟ ಹಾಳೆಗಳಲ್ಲಿ ಅಕ್ಷರ ತೀರಾ ಚಿಕ್ಕದು, ಹಿರಿಯರಿಗೆ ಕಷ್ಟ. ಪಾಸ್ಟರ್ ಮಾತಿಗೂ ದೇವರ ಮಾತಿಗೂ ಇರುವ ವ್ಯತ್ಯಾಸವನ್ನು ಬೇಗ ದಾಟಿಸಿಬಿಟ್ಟರು. ಅಪೊಸ್ತಲರ ಕೃತ್ಯಗಳು 5:29 ಓದಿಸಲೇಬೇಕಿತ್ತು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಮತ್ತು ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಹೇಳಿದ್ದು ಅಲ್ಲೇ. ಶುಲ್ಕ ಇಲ್ಲ. ಬೈಬಲ್ ನೀವೇ ತನ್ನಿ.