ಅಥೆನ್ಸ್‌ನಲ್ಲಿ ಆರು ರಾತ್ರಿ: ಪ್ಲಾಕಾದಲ್ಲಿ ಮೂರು, ಕೂಕಾಕಿಯಲ್ಲಿ ಮೂರು

ಮೇ ತಿಂಗಳಿನಲ್ಲಿ ನಾವಿಬ್ಬರೂ ಅಥೆನ್ಸ್‌ಗೆ ಹೊರಟಾಗ, ಅಕ್ರೊಪೊಲಿಸ್ ಬಂಡೆಯ ಉತ್ತರ ಮತ್ತು ಪೂರ್ವದ ಇಳಿಜಾರಿಗೆ ಅಂಟಿಕೊಂಡಿರುವ ಹಳೆಯ ಪೇಟೆ ಪ್ಲಾಕಾದಲ್ಲಿಯೇ ತಂಗಬೇಕೆಂಬುದು ನಮ್ಮ ಯಜಮಾನರ ಆಸೆಯಾಗಿತ್ತು. ಬಂಡೆಯ ದಕ್ಷಿಣಕ್ಕೆ, ಸಾಮಾನ್ಯ ಸಂಸಾರಗಳು ವಾಸಿಸುವ ಕೂಕಾಕಿ ಸಾಕೆಂಬುದು ನನ್ನ ಹಟವಾಗಿತ್ತು. ಇಬ್ಬರೂ ಪಟ್ಟು ಬಿಡದ ಕಾರಣ ಮೂರು ರಾತ್ರಿ ಅಲ್ಲಿ, ಮೂರು ರಾತ್ರಿ ಇಲ್ಲಿ ಎಂದು ಕೋಣೆಗಳನ್ನು ಕಾದಿರಿಸಿದೆವು.

ನಕ್ಷೆಯನ್ನು ನೋಡಿದರೆ ಪ್ಲಾಕಾವೇ ಗೆಲ್ಲಬೇಕು. ವಿಮಾನ ನಿಲ್ದಾಣದಿಂದ ಬರುವ ಮೂರನೆಯ ಮಾರ್ಗದ ಮೆಟ್ರೋ ಎಲ್ಲಿಯೂ ಬದಲಾಯಿಸದೆ ಮೊನಾಸ್ತಿರಾಕಿಗೆ ತಂದು ಬಿಡುತ್ತದೆ; ಅಲ್ಲಿಂದ ಪ್ಲಾಕಾ ಕೂಗಳತೆಯ ದೂರದಲ್ಲಿದೆ. ಆದರೆ ಆ ಕೂಗಳತೆಯಲ್ಲಿ ಕಲ್ಲು ಹಾಸಿದ ಓಣಿಗಳೂ ಮೆಟ್ಟಿಲುಗಳೂ ಇವೆ, ಅನೇಕ ಓಣಿಗಳೊಳಗೆ ಟ್ಯಾಕ್ಸಿ ಬರುವುದಿಲ್ಲ, ಮತ್ತು ನಾವು ಹಿಡಿದಿದ್ದ ಹಳೆಯ ಮನೆಯ ಮೂರನೆಯ ಮಹಡಿಗೆ ಲಿಫ್ಟ್ ಇರಲಿಲ್ಲ. ಮಂಡಿನೋವಿನ ಇವರು ಪೆಟ್ಟಿಗೆಯನ್ನು ಒಂದೊಂದೇ ಮೆಟ್ಟಿಲಿಗೆ ಇಟ್ಟು ಉಸಿರು ಬಿಡುತ್ತಿದ್ದಾಗ ನಾನು ಏನೂ ಹೇಳಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಕೂಕಾಕಿಗೆ ಹೋಗುವವರು ಸಿಂಟಗ್ಮಾದಲ್ಲಿ ಎರಡನೆಯ ಮಾರ್ಗಕ್ಕೆ ಬದಲಾಯಿಸಿ, ಅಲ್ಲಿಂದ ಎರಡನೆಯ ನಿಲ್ದಾಣವಾದ ಸಿಂಗ್ರು-ಫಿಕ್ಸ್‌ನಲ್ಲಿ ಇಳಿಯಬೇಕು. ಅಲ್ಲಿಯ ಕಾಲುದಾರಿಗಳೂ ಹೇಳಿಕೊಳ್ಳುವಂತಿಲ್ಲ, ನಟ್ಟನಡುವೆಯೇ ಕಹಿ ಕಿತ್ತಳೆಯ ಮರಗಳು ನಿಂತಿರುತ್ತವೆ. ಆದರೂ ಪೆಟ್ಟಿಗೆಯ ಚಕ್ರ ಉರುಳುತ್ತದೆ. (ಆ ಹಣ್ಣಿನಿಂದ ಅಲ್ಲಿಯವರು ಸಕ್ಕರೆ ಪಾಕದ ಸಿಹಿ ಮಾಡುತ್ತಾರೆ, ನನಗೆ ಮಾತ್ರ ಹೇರಳೆಕಾಯಿಯ ಉಪ್ಪಿನಕಾಯಿಯೇ ನೆನಪಾಗುತ್ತಿತ್ತು.)

ಪ್ಲಾಕಾದ ನಿಜವಾದ ಸಂಪತ್ತು ಬೆಳಗಿನ ಹೊತ್ತು. ಅಂಗಡಿಗಳು ಬಾಗಿಲು ತೆರೆಯುವ ಮೊದಲು, ಏಳು ಗಂಟೆಗೆ ಹೊರಬಿದ್ದರೆ, ಕ್ರಿ.ಪೂ. 334ರ ಸುಮಾರಿನ ಲಿಸಿಕ್ರಾಟಿಸ್ ಸ್ಮಾರಕದ ಎದುರು ಬೆಕ್ಕುಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ತಾನು ಖರ್ಚು ವಹಿಸಿದ ಹಾಡುಗಾರರ ಮೇಳ ಸ್ಪರ್ಧೆಯಲ್ಲಿ ಗೆದ್ದದ್ದಕ್ಕೆ ಸಿರಿವಂತನೊಬ್ಬ ನಿಲ್ಲಿಸಿದ ಕಟ್ಟಡವದು. ಅಲ್ಲಿಂದ ಮೇಲೆ ಹತ್ತಿದರೆ ಅನಾಫಿಯೋಟಿಕಾ: ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಡದ ಕೆಲಸಕ್ಕೆಂದು ಅನಾಫಿ ದ್ವೀಪದಿಂದ ಬಂದವರು ತಮ್ಮ ಊರಿನ ಮಾದರಿಯಲ್ಲಿಯೇ ಕಟ್ಟಿಕೊಂಡ ಸುಣ್ಣದ ಬಿಳಿಯ ಪುಟ್ಟ ಮನೆಗಳು, ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ದಾರಿ. ಕೂಕಾಕಿಯ ಮುಂಜಾವಿನಲ್ಲಿ ಇದಕ್ಕೆ ಸಾಟಿಯಾದದ್ದು ಯಾವುದೂ ಇಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಸಂಜೆಯಾದೊಡನೆ ತಕ್ಕಡಿ ಈ ಕಡೆಗೆ ವಾಲುತ್ತದೆ. ಪ್ಲಾಕಾದಲ್ಲಿ ಹೋಟೆಲಿನವರು ಚಿತ್ರಸಹಿತ ತಿಂಡಿಪಟ್ಟಿ ಹಿಡಿದು ಕರೆಯುತ್ತಿದ್ದರು, ಮತ್ತು ಕೆಳಗಿನ ಸಂಗೀತ ನಡುರಾತ್ರಿಯವರೆಗೂ ನಮ್ಮ ಕಿಟಕಿಗೆ ಬಡಿಯುತ್ತಿತ್ತು. ಕೂಕಾಕಿಯಿಂದಾದರೆ ಹತ್ತು ನಿಮಿಷ ನಡೆದು ಫಿಲೊಪಾಪ್ಪೋಸ್ ಗುಡ್ಡದ ಬುಡವನ್ನು ಸೇರಬಹುದು. 1950ರ ದಶಕದಲ್ಲಿ ವಾಸ್ತುಶಿಲ್ಪಿ ದಿಮಿತ್ರಿಸ್ ಪಿಕಿಯೋನಿಸ್ ಅಲ್ಲಿ ಹಾಸಿದ ಕಲ್ಲುದಾರಿಯಲ್ಲಿ ಹಳೆಯ ಮನೆಗಳ ಅಮೃತಶಿಲೆಯ ಚೂರುಗಳು ಒಗಟಿನಂತೆ ಸೇರಿಕೊಂಡಿವೆ. ಗುಡ್ಡದ ತುದಿಯಿಂದ ನೋಡಿದರೆ ಮುಳುಗುವ ಸೂರ್ಯನ ಬೆಳಕು ಅಕ್ರೊಪೊಲಿಸ್ ಬಂಡೆಯ ಮೇಲಿನ ಪ್ರಾಚೀನ ದೇವಾಲಯವಾದ ಪಾರ್ಥೆನಾನಿನ ಪಶ್ಚಿಮ ಮುಖದ ಮೇಲೆ ನೇರವಾಗಿ ಬೀಳುತ್ತದೆ. ಪ್ಲಾಕಾದಲ್ಲಿದ್ದ ಮೂರು ದಿನವೂ ಬಂಡೆ ತಲೆಯ ಮೇಲೆಯೇ ಇತ್ತು. ದೇವಾಲಯ ಮಾತ್ರ ಕಾಣುತ್ತಿರಲಿಲ್ಲ.

ಅಕ್ರೊಪೊಲಿಸ್ ಮ್ಯೂಸಿಯಂ ಎರಡು ಕಡೆಯಿಂದಲೂ ಹತ್ತಿರವೇ. ಆದರೆ ಅದು ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆಂಬುದು ಕೂಕಾಕಿಯಲ್ಲಿದ್ದಾಗ ನಮಗೆ ಉಪಯೋಗಕ್ಕೆ ಬಂತು. ಮೇಲಿನ ಅಂತಸ್ತನ್ನು ಪಾರ್ಥೆನಾನಿನ ದಿಕ್ಕಿಗೇ ತಿರುಗಿಸಿ ಕಟ್ಟಿರುವುದರಿಂದ, ಗಾಜಿನಾಚೆ ದೀಪ ಹೊತ್ತಿದ ದೇವಾಲಯವನ್ನೂ ಒಳಗೆ ಅದರ ಶಿಲ್ಪಗಳನ್ನೂ ಒಂದೇ ನೋಟದಲ್ಲಿ ಕಂಡೆವು. ಬಂಡೆಯನ್ನು ಹತ್ತಿದ್ದು ಒಮ್ಮೆ ಮಾತ್ರ: ಟಿಕೆಟ್ ಒಬ್ಬರಿಗೆ 30 ಯೂರೋ, ಪ್ರವೇಶದ ಸಮಯವೂ ನಿಗದಿ. ಬೆಳಿಗ್ಗೆ 8ರ ಸರದಿಯನ್ನು ಆರಿಸಿ ಆಗ್ನೇಯದ ಬಾಗಿಲಿನಿಂದ ಹೋಗಬೇಕು, ಸವೆದ ಅಮೃತಶಿಲೆಯ ಮೇಲೆ ಜಾರದಂಥ ಚಪ್ಪಲಿ ಬೇಕು ಎಂಬುದು ಎಲ್ಲಿ ತಂಗಿದವರಿಗೂ ಅನ್ವಯಿಸುತ್ತದೆ.

ಸಸ್ಯಾಹಾರಿಗಳಾದ ನಮಗೆ ಊಟದ ವಿಷಯ ಮುಖ್ಯವಾಗಿತ್ತು. ಪ್ಲಾಕಾದಲ್ಲಿ ಕೇಳಿದಾಗಲೆಲ್ಲ ಚೀಸ್ ಹಾಕಿದ ಸಲಾಡ್ ಬರುತ್ತಿತ್ತು. ಕೂಕಾಕಿಯ ಒಂದು ಸಣ್ಣ ಹೋಟೆಲಿನಲ್ಲಿ "ನಿಸ್ತೀಸಿಮೊ" ಎಂಬ ಪದ ಕಲಿತೆವು. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಉಣ್ಣುವ, ಮಾಂಸವೂ ಹಾಲೂ ಮೊಟ್ಟೆಯೂ ಇಲ್ಲದ ಅಡುಗೆಗೆ ಆ ಹೆಸರು (ಅದರಲ್ಲಿ ಸೀಗಡಿ, ಕಪ್ಪೆಚಿಪ್ಪು ಸೇರಬಹುದಾದ್ದರಿಂದ ಅವು ಬೇಡವೆಂದು ಪ್ರತ್ಯೇಕವಾಗಿ ಹೇಳಬೇಕು). ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಬೀನ್ಸ್ ಕಾಳು, ಎಣ್ಣೆಯಲ್ಲಿ ಬೆಂದ ತರಕಾರಿ, ಗಟ್ಟಿ ತೊವ್ವೆಯಂಥ ಫಾವಾ. ಒಗ್ಗರಣೆಯೊಂದಿದ್ದರೆ ಯಜಮಾನರು ಹೊರಡುತ್ತಲೇ ಇರಲಿಲ್ಲ.

ಬಾಡಿಗೆಯೂ ಕೂಕಾಕಿಯಲ್ಲಿ ಕಡಿಮೆಯಾಯಿತು. ಕೊನೆಯ ಬೆಳಿಗ್ಗೆ ಮಾತ್ರ ನನ್ನ ಲೆಕ್ಕ ತಪ್ಪಿತು: ನಮ್ಮ ವಿಮಾನ ನಸುಕಿನಲ್ಲಿತ್ತು, ಆ ಹೊತ್ತಿಗೆ ಮೆಟ್ರೋ ಇರಲಿಲ್ಲ. ಇಡೀ ರಾತ್ರಿ ಓಡುವ ಎಕ್ಸ್95 ಬಸ್ಸು ಹೊರಡುವುದು ಪ್ಲಾಕಾದ ಪಕ್ಕದ ಸಿಂಟಗ್ಮಾದಿಂದ. ಟ್ಯಾಕ್ಸಿಗೆ ಹಣ ಎಣಿಸುವಾಗ ಯಜಮಾನರು ಏನೂ ಹೇಳಲಿಲ್ಲ.