ಜೈಲಿನ ಬದಲು ಬೂಟ್ ಕ್ಯಾಂಪ್: ಐದಕ್ಕೆ ಎರಡೇ ಸ್ಟಾರ್

ಅಮೆರಿಕದ ಜಾರ್ಜಿಯಾ, ಒಕ್ಲಹೋಮಾದಲ್ಲಿ 1983ರಲ್ಲಿ ಶುರುವಾದ ಸೇವೆ ಇದು. ವರ್ಷಗಟ್ಟಲೆ ಜೈಲಲ್ಲಿ ಕೊಳೆಯುವ ಬದಲು ಮೂರರಿಂದ ಆರು ತಿಂಗಳು ಮಿಲಿಟರಿ ಶಿಸ್ತು: ನಸುಕಲ್ಲೇ ಎದ್ದು ಕವಾಯತು, ಓಟ, ಮೈಮುರಿಯುವ ಕೆಲಸ, ಮೂಗಿಗೆ ಮೂಗು ತಾಗಿಸಿ ಬೈಯುವ ಅಧಿಕಾರಿ. ಟಿವಿಗಂತೂ ಹೇಳಿ ಮಾಡಿಸಿದ ಹಾಗಿದೆ. ಆದರೆ ಹೊರಗೆ ಬಂದವರು ಮತ್ತೆ ತಪ್ಪು ಮಾಡುವುದು ಕಡಿಮೆಯಾಯಿತಾ? ಹೆಚ್ಚಿನ ಅಧ್ಯಯನಗಳ ಪ್ರಕಾರ ಇಲ್ಲ. ಸುಮ್ನೆ ಎಡ-ಬಲ ಹೆಜ್ಜೆ ಹಾಕಿದರೆ ಕೆಲಸ ಸಿಗುತ್ತದಾ, ನಶೆ ಬಿಡುತ್ತದಾ, ನೀವೇ ಹೇಳಿ. ನ್ಯೂಯಾರ್ಕ್‌ನವರು 1987ರಲ್ಲಿ ಶುರು ಮಾಡಿದ ಆರು ತಿಂಗಳ ಕ್ಯಾಂಪಲ್ಲಿ ಓದು, ನಶೆ ಬಿಡಿಸುವ ಕೌನ್ಸೆಲಿಂಗ್ ಕೂಡ ಇತ್ತು, ನನ್ನ ಎರಡು ಸ್ಟಾರೂ ಅದಕ್ಕೇ. ಉಳಿದ ಮೂರು ಯಾಕೆ ಕಟ್ ಅಂದರೆ, ಫ್ಲೋರಿಡಾದಲ್ಲಿ 2006ರಲ್ಲಿ 14 ವರ್ಷದ ಹುಡುಗನೊಬ್ಬ ಕ್ಯಾಂಪಿಗೆ ಸೇರಿದ ಮರುದಿನವೇ ಸತ್ತ. ಕಾವಲಿನವರು ಅವನಿಗೆ ಹೊಡೆದದ್ದು ವಿಡಿಯೋದಲ್ಲೇ ಇತ್ತು. ಆ ರಾಜ್ಯ ಅದೇ ವರ್ಷ ಇಂಥ ಕ್ಯಾಂಪುಗಳಿಗೆ ಬೀಗ ಹಾಕಿತು.